ಚಿಂತಾಮಣಿಯಲ್ಲಿ ಡಾಗ್‌ವುಡ್ ಬೆಳೆಯುತ್ತದೆಯೇ?

ಪ್ರಶ್ನೆ: ಕೆನಡಾದಲ್ಲಿ ಮಗಳ ಮನೆಯಂಗಳದಲ್ಲಿ ಎಲೆಗೆ ಬಿಳಿ ಅಂಚು, ಕೆಂಪು ಕಡ್ಡಿ ಇರುವ ಡಾಗ್‌ವುಡ್ ಪೊದೆ ನೋಡಿ ಮನಸೋತೆ. ಇಲ್ಲಿ ಬೆಳೆಸಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಆಸೆ ಅರ್ಥವಾಗುತ್ತದೆ ತಾಯಿ, ಆದರೆ ಬೇಡ. ಅದು ಸೈಬೀರಿಯಾ, ಉತ್ತರ ಚೀನಾ, ಕೊರಿಯಾ ಕಡೆಯ ಗಿಡ. ಎಲೆ ಉದುರಿಸಿ ಕೊರೆಯುವ ಚಳಿಯಲ್ಲಿ ಸುಪ್ತವಾಗಿದ್ದರೇ ಅದಕ್ಕೆ ಚೈತನ್ಯ. ಕಡ್ಡಿಯ ಕೆಂಪು ರಂಗೇರುವುದೂ ಆಗಲೇ. 1,478 ಮೀಟರ್ ಎತ್ತರದ ನಂದಿಬೆಟ್ಟದಲ್ಲೂ ಅಂಥ ಚಳಿಯಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಎಲೆಯ ಬಿಳಿ ಅಂಚೇ ಮೊದಲು ಕಂದಾಗಿ ಗರಿಗರಿಯಾಗುತ್ತದೆ. ಆನ್‌ಲೈನ್‌ನಲ್ಲಿ ಬೀಜ ಸಿಕ್ಕರೂ ಕೊಳ್ಳಬೇಡಿ; ಈ ತಳಿಯನ್ನು ಕಡ್ಡಿ ನೆಟ್ಟೇ ಬೆಳೆಸುತ್ತಾರೆ, ಬೀಜದ ಸಸಿಗೆ ಆ ಬಿಳುಪು ಬರುವ ಭರವಸೆಯಿಲ್ಲ.

ನನ್ನ ಮೆಚ್ಚಿನ ಬದಲಿ, ಬಿಳಿ ಅಂಚಿನ ಡ್ಯುರಾಂಟಾ. ಕೆಂಪು ಮಣ್ಣಿಗೆ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೆಳಗಿನ ಬಿಸಿಲು ಬೀಳುವ ಕಡೆ ನೆಡಿ. ನಡುವೆ ಪೂರ್ತಿ ಹಸಿರಾದ ರೆಂಬೆ ಎದ್ದರೆ ತುದಿ ಚಿವುಟಿದರೆ ಸಾಲದು, ಬುಡದಿಂದಲೇ ಕತ್ತರಿಸಿ. ಹಸಿರೆಲೆಗೆ ಆಹಾರ ತಯಾರಿಸುವ ಶಕ್ತಿ ಹೆಚ್ಚು, ಬಿಟ್ಟರೆ ಇಡೀ ಗಿಡವನ್ನು ಆವರಿಸುತ್ತದೆ. ಅದರ ಹಳದಿ ಕಾಯಿಗಳು ವಿಷ. ಮೊಮ್ಮಕ್ಕಳು ಬಂದಾಗ ಗೊಂಚಲುಗಳನ್ನು ಮರೆಯದೆ ತೆಗೆದುಹಾಕಿ.