ಡೈನೋಸಾರ್ ಎಲ್ಲಾ ಮೊಟ್ಟೆ ಒಂದೇ ಸಲ ಇಡುತ್ತಿತ್ತಾ, ಕೋಳಿಯ ಹಾಗೆ ಒಂದೊಂದಾಗಿಯಾ?

ಎಲ್ಲಾ ಡೈನೋಸಾರ್‌ಗಳ ಕತೆ ಒಂದೇ ಅಲ್ಲ. ಆದರೆ ಓವಿರಾಪ್ಟರ್ ಗುಂಪಿನವು ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತಿದ್ದವು. ಇದು ಸುಮ್ನೆ ಊಹೆಯಲ್ಲ. ಚೀನಾದ ಜಿಯಾಂಗ್ಶಿಯಲ್ಲಿ ಸಿಕ್ಕ ಈ ಗುಂಪಿನ ಒಂದು ಹೆಣ್ಣು ಡೈನೋಸಾರ್‌ನ ಪಳೆಯುಳಿಕೆಯ ಬಗ್ಗೆ 2005ರಲ್ಲಿ ವಿಜ್ಞಾನಿಗಳು ಬರೆದರು. ಅದರ ಸೊಂಟದ ಮೂಳೆಯೊಳಗೆ ಚಿಪ್ಪು ಕಟ್ಟಿದ ಎರಡು ಮೊಟ್ಟೆಗಳು ಹಾಗೇ ಉಳಿದಿದ್ದವು. ಪಾಪ, ಇನ್ನೇನು ಇಡುವುದರಲ್ಲಿತ್ತು.

ಕಾರಣ ಹೊಟ್ಟೆಯೊಳಗಿದೆ. ಮೊಟ್ಟೆಗೆ ಚಿಪ್ಪು ಕಟ್ಟಿ ಹೊರಗೆ ತರುವ ಕೊಳವೆಯೇ ಅಂಡನಾಳ. ಕೋಳಿಯಲ್ಲಿ ಕೆಲಸ ಮಾಡುವುದು ಎಡಗಡೆಯದು ಮಾತ್ರ, ಹಾಗಾಗಿ ಸಲಕ್ಕೊಂದೇ ಮೊಟ್ಟೆ. ಮೊಸಳೆಗೆ ಎರಡು ನಾಳ, ಒಂದೊಂದರಲ್ಲೂ ಹಲವು ಮೊಟ್ಟೆ; ಎಲ್ಲವನ್ನೂ ಒಟ್ಟಿಗೇ ಇಡುತ್ತದೆ. ಓವಿರಾಪ್ಟರ್‌ಗಳಿಗೆ ಮೊಸಳೆಯ ಹಾಗೆ ಎರಡು ನಾಳ, ಆದರೆ ಹಕ್ಕಿಯ ಹಾಗೆ ನಾಳಕ್ಕೊಂದೇ ಮೊಟ್ಟೆ. ಅವುಗಳ ಗೂಡಿನಲ್ಲಿ ಮೊಟ್ಟೆಗಳು ಜೋಡಿ ಜೋಡಿಯಾಗಿ ಸಿಗುವುದು ಇದಕ್ಕೇ.