ಅಮ್ಮ ಕಿಡ್ನಿ ಕೊಟ್ಟರು, ಈಗ ಕನ್ನಡಿ ನೋಡಲು ಬೇಜಾರು

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳ ಹಿಂದೆ ಅಮ್ಮ ಕಿಡ್ನಿ ಕೊಟ್ಟರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸರಿಯಾಗಿದೆ. ಆದರೆ ಡಯಾಲಿಸಿಸ್ ಕಾಲದಲ್ಲಿ 50 ಕೆ.ಜಿ. ಇದ್ದವಳು ಈಗ 63. ಮುಖ ಊದಿಕೊಂಡಿದೆ, ಹಳೆಯ ಬ್ಲೌಸ್ ಒಂದೂ ಆಗುತ್ತಿಲ್ಲ. ಬಂದವರೆಲ್ಲ ‘ಚೆನ್ನಾಗಿ ಮೈಕೈ ತುಂಬ್ಕೊಂಡಿದೀಯ’ ಎನ್ನುತ್ತಾರೆ. ಸುಮ್ನೆ ಅಳು ಬರುತ್ತದೆ, ನಿದ್ದೆ ಇಲ್ಲ. ಅಮ್ಮನ ಮುಂದೆ ಹೇಳಲು ಆಗದು. ಸ್ಟೀರಾಯ್ಡ್ ನಿಲ್ಲಿಸಿಬಿಡಲೇ?
- ಹೆಸರು ಬೇಡ, ಹಾಸನ

ಉತ್ತರ: ನಿಲ್ಲಿಸಬೇಡಿ. ಒಂದು ದಿನವೂ ಬೇಡ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ ದೇಹ, ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ದಿಢೀರನೆ ಬಿಟ್ಟರೆ ಬಿ.ಪಿ. ಕುಸಿಯಬಹುದು, ಕಿಡ್ನಿಯನ್ನು ದೇಹ ತಿರಸ್ಕರಿಸಲೂಬಹುದು. ಡೋಸ್ ಇಳಿಸಬಹುದೇ ಎಂದು ನಿಮ್ಮ ಕಿಡ್ನಿ ಡಾಕ್ಟರನ್ನೇ ಕೇಳಿ. ಡೋಸ್ ಇಳಿದಂತೆ ಮುಖದ ಊತ ಬಹುಪಾಲು ಇಳಿಯುತ್ತದೆ.

ಇನ್ನು ಆ 50 ಕೆ.ಜಿ. ಅದನ್ನು ಗುರಿ ಮಾಡಿಕೊಳ್ಳಬೇಡಿ. ಅದು ಡಯಾಲಿಸಿಸ್ ಮಿಷನ್ ಮೈಯ ನೀರು ತೆಗೆದ ಮೇಲೆ ಬರೆದುಕೊಳ್ಳುತ್ತಿದ್ದ ‘ಡ್ರೈ ವೆಯ್ಟ್’, ಊಟ ಸೇರದೆ ಸೊರಗಿದ ಮೈಯ ತೂಕ. ಆಗ ಎಳನೀರು ಕಂಡರೆ ಭಯ, ಕುಡಿಯುವ ನೀರಿಗೂ ಅಳತೆ. ಈಗ ನಾಲಿಗೆಗೆ ರುಚಿ ಬಂದಿದೆ, ಸ್ಟೀರಾಯ್ಡ್ ಹಸಿವನ್ನು ಕೆರಳಿಸುತ್ತಿದೆ. ಜೊತೆಗೆ ಕಿಡ್ನಿ ಕೊಟ್ಟ ಅಮ್ಮನೇ ಪಕ್ಕದಲ್ಲಿ ನಿಂತು ‘ಇನ್ನೊಂಚೂರು’ ಅಂತ ಬಡಿಸುತ್ತಿರಬೇಕು, ಅಲ್ವಾ? ಕಾಯಿಲೆಗೆ ಮೊದಲು ಎಷ್ಟಿದ್ದಿರಿ, ನೆನಪಿಸಿಕೊಳ್ಳಿ. ಹೋಲಿಸುವುದಾದರೆ ಅದರ ಜೊತೆ ಹೋಲಿಸಿ.

ಉಪವಾಸ ಬೇಡ. ಅನ್ನ ಕಡಿಮೆ ಮಾಡಿ, ಪಲ್ಯ ಜಾಸ್ತಿ ಮಾಡಿ. ಸ್ಟೀರಾಯ್ಡ್ ಹಸಿವು ಸಂಜೆ ಕಾಫಿ ಹೊತ್ತಿಗೆ ಕಾಡಿದರೆ ಬೇಕರಿ ಪೊಟ್ಟಣದ ಬದಲು ಒಂದು ಹಿಡಿ ಹುರಿಗಡಲೆ ಕೈಗೆ ಸಿಗುವಂತಿರಲಿ. ದಿನಾ ಅರ್ಧ ಗಂಟೆ ನಡೆಯಿರಿ. ಸ್ಟೀರಾಯ್ಡ್, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಎರಡೂ ಶುಗರ್ ಏರಿಸುತ್ತವೆ, ಹಾಗಾಗಿ ಅದನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ತೂಕ ಇಳಿಸುವ ಪುಡಿ, ಅಮೃತಬಳ್ಳಿ ಕಷಾಯದ ಹತ್ತಿರ ಹೋಗಬೇಡಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಲೆಂದೇ ನೀವು ಮಾತ್ರೆ ನುಂಗುತ್ತಿದ್ದೀರಿ, ಅದನ್ನು ಏರಿಸುವ ಕಷಾಯ ಯಾಕೆ? ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿದ್ದರೂ ನಿಮಗೆ ಬೇಡ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಅದು ಏರಿಸಬಹುದು.

ಎರಡು ಮೂರು ದಿನದಲ್ಲೇ ಎರಡು ಕೆ.ಜಿ. ಏರಿ, ಕಾಲು ಊದಿ, ಮೂತ್ರ ಕಡಿಮೆಯಾದರೆ ಮಾತ್ರ ಅದು ಕೊಬ್ಬಲ್ಲ, ನೀರು. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ಅಳುವಿನ ವಿಷಯ. ಸ್ಟೀರಾಯ್ಡ್ ಮನಸ್ಸನ್ನೂ ನಿದ್ದೆಯನ್ನೂ ಕೆಡಿಸುತ್ತದೆ, ಇದು ನಿಮ್ಮ ದೌರ್ಬಲ್ಯ ಅಲ್ಲ. ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳುತ್ತಿದ್ದೀರಾ, ನೋಡಿಕೊಳ್ಳಿ. ಚೆಕಪ್‌ಗೆ ಹೋದಾಗ ಕ್ರಿಯಾಟಿನಿನ್ ನೋಡಿ ‘ಎಲ್ಲಾ ಸರಿ’ ಎಂದು ಚೀಟಿ ಮಡಚುವ ಮೊದಲೇ ‘ಡಾಕ್ಟ್ರೇ, ದಿನಾ ಅಳ್ತೀನಿ’ ಎಂದುಬಿಡಿ. ನೀವು ಹೇಳದಿದ್ದರೆ ಡಾಕ್ಟರುಗಳಾದ ನಮಗೆ ಗೊತ್ತಾಗುವುದಿಲ್ಲ, ರಕ್ತಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಮನೋವೈದ್ಯರನ್ನು ನೋಡಿ, ಕಸಿ ಮಾತ್ರೆಗಳ ಪಟ್ಟಿ ಒಯ್ಯಿರಿ. ಕೆಲವು ಖಿನ್ನತೆಯ ಔಷಧಿಗಳು ಟ್ಯಾಕ್ರೊಲಿಮಸ್ ಜೊತೆ ಹೊಂದುವುದಿಲ್ಲ, ಹೊಂದುವಂಥವೂ ಇವೆ. ಬದುಕೇ ಬೇಡ ಅನ್ನಿಸಿದರೆ ಆ ಗಳಿಗೆಯಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮ್ಮ ಇಷ್ಟು ಕೊಟ್ಟ ಮೇಲೆ ದುಃಖಪಡುವುದು ಕೃತಘ್ನತೆ ಅನ್ನಿಸುತ್ತಿದೆಯೇ? ಕಸಿ ಆದ ಅನೇಕರಿಗೆ ಹಾಗೆ ಅನ್ನಿಸುತ್ತದೆ. ಮುಚ್ಚಿಟ್ಟರೂ ಅಮ್ಮನಿಗೆ ನಿಮ್ಮ ಕೆಂಪು ಕಣ್ಣು ಕಾಣುತ್ತಿರುತ್ತದೆ. ‘ಮಾತ್ರೆಯಿಂದ ಅಳು ಬರ್ತಿದೆ ಅಮ್ಮ, ನಿನ್ನಿಂದಲ್ಲ’ ಅನ್ನಿ. ಅಷ್ಟು ಸಾಕು.

ಆಮೇಲೆ ಈಗಿನ ಅಳತೆಗೆ ಎರಡು ಬ್ಲೌಸ್ ಹೊಲಿಸಿಕೊಳ್ಳಿ. ತೂಕ ಇಳಿದರೆ ಟೈಲರ್ ಹತ್ತಿರ ಹಿಡಿಸಿಕೊಳ್ಳಬಹುದು.