ಲೂಪು ‘ಟಕ್’ ಅನ್ನತ್ತೆ, ಏನ್ ಮಾಡ್ಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ವಂತ ಲೂಪು (ಸುತ್ತಿ ಸುತ್ತಿ ಬರೋ ಸದ್ದಿನ ತುಣುಕು), ಸ್ಯಾಂಪಲ್ಲು (ಹಾಡಲ್ಲಿ ಬಳಸೋಕೆ ರೆಕಾರ್ಡ್ ಮಾಡಿಟ್ಟ ಸದ್ದು) ಹಾಕಿ ಮ್ಯೂಸಿಕ್ ಮಾಡೋರ ಪ್ರಶ್ನೆಗಳು ಸುಮಾರು ಬಂದಿವೆ, ಈ ಸಲ ಪೂರ್ತಿ ಅದಕ್ಕೇ ಬಿಟ್ಟಿದೀವಿ.

ಪ್ರಶ್ನೆ: ಸರ್ ನಮಸ್ಕಾರ. ಬೆಂಕಿಪೊಟ್ಟಣ ತಟ್ಟಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಕಂಪ್ಯೂಟರಿಗೆ ಹಾಕಿ ಲೂಪ್ ಮಾಡ್ದೆ. ಸಾಫ್ಟ್‌ವೇರ್ ಜೊತೆ ಬಂದಿರೋ ಲೂಪುಗಳು ಎಷ್ಟು ಸುತ್ತು ಹೋದ್ರೂ ಸರಿಯಾಗೇ ಇರ್ತವೆ, ನಂದು ಮಾತ್ರ ಪ್ರತಿ ಸುತ್ತಿನ ಕೊನೇಲಿ ‘ಟಕ್’ ಅನ್ನತ್ತೆ, ಒಂದು ನಿಮಿಷ ಆಗೋಷ್ಟರಲ್ಲಿ ತಾಳ ಬಿಟ್ಟು ಎಲ್ಲೋ ಹೋಗಿರತ್ತೆ. ಪ್ರಾಜೆಕ್ಟ್ ಟೆಂಪೋ 100 (ನಿಮಿಷಕ್ಕೆ 100 ಬೀಟು). ಬೇರೆ ಸಾಫ್ಟ್‌ವೇರ್ ತಗೊಳ್ಳೋದು ಒಳ್ಳೇದಾ?

ಉತ್ತರ: ಬೇಡಿ, ಅದು ಕುಣಿಯೋಕೆ ಬರ್ದೇ ಇದ್ದೋರು ನೆಲ ಡೊಂಕು ಅಂದ ಹಾಗಾಗತ್ತೆ (ಬೇಜಾರ್ ಮಾಡ್ಕೋಬೇಡಿ, ನಾನೂ ಶುರುನಲ್ಲಿ ಎರಡು ಸಾಫ್ಟ್‌ವೇರ್ ಬದಲಾಯಿಸಿದೋನೇ). ನಿಮಗಿರೋದು ಎರಡು ತೊಂದರೆ, ಎರಡೂ ಕಟ್ ಮಾಡೋ ಜಾಗದಲ್ಲೇ ಇದಾವೆ.

ಮೊದಲು ತಾಳ ಬಿಡೋದು. 60ನ್ನ ಟೆಂಪೋದಿಂದ ಭಾಗಿಸಿದ್ರೆ ಒಂದು ಬೀಟಿಗೆ ಎಷ್ಟು ಸೆಕೆಂಡ್ ಅಂತ ಬರತ್ತೆ. 100ಕ್ಕೆ 0.6 ಸೆಕೆಂಡು, ನಾಲ್ಕು ಬೀಟಿನ ಎರಡು ಬಾರ್ (ತಾಳದ ಎರಡು ಆವರ್ತ, ಒಟ್ಟು ಎಂಟು ಬೀಟು) ಲೂಪ್ ಅಂದ್ರೆ ಕರೆಕ್ಟಾಗಿ 4.8 ಸೆಕೆಂಡ್ ಇರ್ಬೇಕು. ನೀವು ಕಣ್ಣಳತೇಲಿ ಕಟ್ ಮಾಡಿ ಅದು 4.83 ಆಗಿದೆ ಅಂದ್ಕೊಳಿ, ಒಂದು ಸುತ್ತಿಗೆ 30 ಮಿಲಿಸೆಕೆಂಡ್ ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ, ಆದ್ರೆ ಒಂದು ನಿಮಿಷಕ್ಕೆ ಹನ್ನೆರಡು ಸುತ್ತು ಆಗತ್ತಲ್ಲ, ಆಗ 360 ಮಿಲಿಸೆಕೆಂಡ್, ಅಂದ್ರೆ ಅರ್ಧ ಬೀಟಿಗಿಂತ ಜಾಸ್ತಿ ಹಿಂದೆ ಬಿದ್ದಿರತ್ತೆ.

ಸುಮಾರು ಜನ ಎಲ್ಲಿ ಎಡವ್ತಾರೆ ಅಂದ್ರೆ, ಕೊನೇ ಪೆಟ್ಟಿನ ಸದ್ದು ಮುಗೀತಿದ್ದ ಹಾಗೇ ಕತ್ತರಿ ಹಾಕ್ಬಿಡ್ತಾರೆ. ಲೂಪು ಅಲ್ಲಿ ಮುಗಿಯಲ್ಲ. ಮುಂದಿನ ಸುತ್ತಿನ ಮೊದಲ್ನೇ ಪೆಟ್ಟು ಎಲ್ಲಿ ಬೀಳ್ಬೇಕಿತ್ತೋ ಅಲ್ಲೀವರೆಗೂ ಲೂಪೇ, ನಡುವಿನ ಖಾಲಿ ಜಾಗನೂ ಸೇರಿ. ಅದಕ್ಕೇ ನಾಲ್ಕು ಸುತ್ತು ಜಾಸ್ತೀನೇ ತಟ್ಟಿ ರೆಕಾರ್ಡ್ ಮಾಡ್ಕೊಳಿ, ಆಮೇಲೆ ಒಂದು ಸುತ್ತಿನ ಮೊದಲ್ನೇ ಪೆಟ್ಟಿಂದ ಇನ್ನೊಂದು ಸುತ್ತಿನ ಮೊದಲ್ನೇ ಪೆಟ್ಟಿನವರೆಗೆ ಕಟ್ ಮಾಡಿ. ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನೋದು) ಇಲ್ದೇ ತಟ್ಟಿದೀರಾ, ಮತ್ತೆ ತಟ್ಟೋಕೆ ಮನಸಿಲ್ವಾ? ಹಾಗಾದ್ರೆ ಉಲ್ಟಾ ಲೆಕ್ಕ ಹಾಕಿ, ಎಂಟು ಬೀಟು 5.1 ಸೆಕೆಂಡ್ ಇದ್ರೆ 480 (ಎಂಟು ಗುಣಿಸು 60) ಭಾಗಿಸು 5.1, ಸುಮಾರು 94.1 ಬರತ್ತೆ, ಪ್ರಾಜೆಕ್ಟ್ ಟೆಂಪೋನೇ ಅದಕ್ಕೆ ಇಟ್ಬಿಡಿ. ನನ್ನ ಕೇಳಿದ್ರೆ ಕೈಯಲ್ಲಿ ತಟ್ಟಿದ್ದಕ್ಕೆ ಇದೇ ಚೆನ್ನ, ಎಳೆದು ಕುಗ್ಗಿಸಿ 100ಕ್ಕೆ ತರೋದ್ರಲ್ಲಿ ಆ ಬೆಂಕಿಪೊಟ್ಟಣದ ಗರಗರ ಹಾಳಾಗತ್ತೆ.

ಈಗ ‘ಟಕ್’. ವೇವ್‌ಫಾರ್ಮನ್ನ ಒಂದೊಂದು ಚುಕ್ಕಿ ಕಾಣೋವರೆಗೂ ಜೂಮ್ ಮಾಡಿ. ಲೂಪಿನ ಕೊನೇ ಚುಕ್ಕಿ ನಡು ಗೆರೆಗಿಂತ ಮೇಲಿದೆ, ಶುರುವಿನ ಚುಕ್ಕಿ ಕೆಳಗಿದೆ, ಅಲ್ವಾ? ಸುತ್ತು ತಿರುಗುವಾಗ ಸ್ಪೀಕರ್ ಆ ಮೇಲಿಂದ ಈ ಕೆಳಕ್ಕೆ ಒಂದೇ ಸಲ ಹಾರ್ಬೇಕು, ಆ ಜಿಗಿತಾನೇ ನಿಮಗೆ ಕೇಳಿಸ್ತಿರೋದು. ಎರಡೂ ತುದಿ ನಡು ಗೆರೆ ಮೇಲೆ ಬರೋ ಹಾಗೆ ಕಟ್ ಮಾಡಿ, ಆಡಾಸಿಟಿ ಬಳಸ್ತಿದ್ರೆ ಸೆಲೆಕ್ಟ್ ಮಾಡಿ ಝಡ್ ಕೀ ಒತ್ತಿದ್ರೆ ಅದೇ ಹುಡುಕ್ಕೊಡತ್ತೆ, ಆದ್ರೆ ಉದ್ದ ಒಂಚೂರು ಆಚೀಚೆ ಆಗ್ಬಹುದು, ಒಂದ್ಸಲ ನೋಡ್ಕೊಳಿ. ಅದು ಕಿರಿಕಿರಿ ಅನ್ಸಿದ್ರೆ 4.8ಕ್ಕೇ ಕಟ್ ಮಾಡಿ ಕೊನೇಲಿ ಎರಡ್ಮೂರು ಮಿಲಿಸೆಕೆಂಡ್ ಫೇಡ್ ಔಟ್ (ಸದ್ದನ್ನ ಸೊನ್ನೆಗೆ ಇಳಿಸೋದು) ಕೊಡಿ. ಶುರುನಲ್ಲಿ ಫೇಡ್ ಕೊಡುವಾಗ ಹುಷಾರು, ಉದ್ದ ಆದ್ರೆ ಪೆಟ್ಟಿನ ಮೊನಚೇ ಹೋಗತ್ತೆ.

ಇನ್ನೊಂದು, ಕೇಳಿಲ್ಲ ಆದ್ರೂ ಹೇಳ್ತೀನಿ. ಲೂಪಿಗೆ ರಿವರ್ಬ್ (ದೊಡ್ಡ ಹಾಲಲ್ಲಿ ಸದ್ದು ಮೊಳಗೋ ಥರದ ಎಫೆಕ್ಟು) ಹಾಕಿ ಫೈಲ್ ಮಾಡೋದಿದ್ರೆ ಎರಡು ಸುತ್ತು ಫೈಲಾಗಿ ತೆಗೆದು ಎರಡನೇದನ್ನ ಮಾತ್ರ ಇಟ್ಕೊಳಿ. ಮೊದಲ್ನೇ ಸುತ್ತಿನ ಬಾಲ ಎರಡನೇದ್ರ ತಲೆ ಮೇಲೆ ಬಂದಿರತ್ತೆ, ಹಾಗಾಗಿ ಸುತ್ತು ತಿರುಗುವಾಗ ರಿವರ್ಬ್ ಗಕ್ಕಂತ ನಿಲ್ಲಲ್ಲ.

ಪ್ರಶ್ನೆ: ಲೂಪ್ ಕರೆಕ್ಟಾಗಿ ಕಟ್ ಮಾಡಿ ಎಂಪಿ3 ಮಾಡಿ ಇಟ್ಟಿದೀನಿ, ಒಂದು ಸಾಫ್ಟ್‌ವೇರಲ್ಲಿ ಸರಿ ಇದೆ, ಇನ್ನೊಂದ್ರಲ್ಲಿ ಪ್ರತಿ ಸುತ್ತಿಗೂ ಮುಗ್ಗರಿಸತ್ತೆ. ಅದೇ ಫೈಲು!

ಉತ್ತರ: ಎಂಪಿ3 ಸದ್ದನ್ನ 1152 ಸ್ಯಾಂಪಲ್ಲಿನ (ಇಲ್ಲಿ ಸ್ಯಾಂಪಲ್ ಅಂದ್ರೆ ಜೂಮ್ ಮಾಡಿದಾಗ ಕಾಣೋ ಆ ಒಂದೊಂದು ಚುಕ್ಕಿ) ಕಂತುಗಳಲ್ಲಿ ತುಂಬತ್ತೆ, ನಿಮ್ಮ ಲೂಪು ಅದ್ರ ಲೆಕ್ಕಕ್ಕೆ ಸರಿಯಾಗಿ ಕೂರ್ದಿದ್ರೆ ಕೊನೇಲಿ ಖಾಲಿ ತುಂಬಿಸತ್ತೆ, ಶುರುನಲ್ಲೂ ಒಂಚೂರು ಮೌನ ಸೇರತ್ತೆ. ಲೇಮ್ ಅನ್ನೋ ಎನ್‌ಕೋಡರ್ (ಎಂಪಿ3 ಮಾಡೋ ಪ್ರೋಗ್ರಾಂ) ಇದೆಯಲ್ಲ, ಅದು ಮಾಮೂಲಿಯಾಗಿ ಸೇರಿಸೋ 576, ಜೊತೆಗೆ ಬಿಚ್ಚುವಾಗ ಬರೋ 529, ಎಲ್ಲ ಸೇರಿ, ಸೆಕೆಂಡಿಗೆ 44,100 ಚುಕ್ಕಿ ಲೆಕ್ಕದಲ್ಲಿ 25 ಮಿಲಿಸೆಕೆಂಡ್. ಕೆಲವು ಸಾಫ್ಟ್‌ವೇರು ಫೈಲಿನೊಳಗಿನ ಗುರುತು ಓದಿ ಇದನ್ನ ತೆಗೆದುಹಾಕ್ತವೆ, ಕೆಲವು ತೆಗೆಯಲ್ಲ, ನಿಮಗೆ ಆಗ್ತಿರೋದು ಅದೇ. ಲೂಪಿಗೆ ಯಾವಾಗ್ಲೂ ವೇವ್ ಫೈಲೇ ಇಟ್ಕೊಳಿ. ಇರೋ ಎಂಪಿ3ನೇ ವೇವ್ ಮಾಡಿದ್ರೆ ಸಾಕಾ ಅಂದ್ರೆ ಸಾಲ್ದು, ಮೌನಾನೂ ಜೊತೇಲೇ ಬಂದಿರ್ಬಹುದು, ನೋಡಿ ಕಟ್ ಮಾಡ್ಬೇಕು.

ಪ್ರಶ್ನೆ: ನನ್ನದೇ ಹಾಡಿದ ಒಂದು ಸಾಲು ಸ್ಯಾಂಪ್ಲರಿಗೆ (ಸ್ಯಾಂಪಲ್ ಬಾರಿಸೋ ಸಾಧನಕ್ಕೆ) ಹಾಕಿದ್ರೆ ದನಿ ದಪ್ಪ ಆಗಿ ನಿಧಾನ ಆಗ್ಬಿಟ್ಟಿದೆ.

ಉತ್ತರ: ರೆಕಾರ್ಡ್ ಸೆಕೆಂಡಿಗೆ 48,000 ಚುಕ್ಕಿಯಲ್ಲಿ ಆಗಿದೆ, ಸ್ಯಾಂಪ್ಲರ್ ಅದನ್ನ ಬದಲಾಯಿಸ್ದೇ 44,100 ಅಂತಲೇ ಓದ್ತಿದೆ ಅನ್ಸತ್ತೆ. ಹಾಗಾದ್ರೆ ಶ್ರುತಿ ಹತ್ತಿರತ್ತಿರ ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಮನೆಗಳ ಅಂತರ) ಇಳಿಯತ್ತೆ, ಇಳಿದಿರೋದು ಅಷ್ಟೇನಾ ನೋಡಿ. ಮೊದಲೇ 44,100ಕ್ಕೆ ಪರಿವರ್ತಿಸಿ ಹಾಕಿ.

ಪ್ರಶ್ನೆ: ಪ್ರಾಜೆಕ್ಟನ್ನ ಫ್ರೆಂಡಿಗೆ ಕಳ್ಸಿದೆ, ಅವ್ನು ಓಪನ್ ಮಾಡಿದ್ರೆ ಸ್ಯಾಂಪಲ್ಲೇ ಇಲ್ಲ ಅಂತ ತೋರಿಸ್ತಿದೆಯಂತೆ.

ಉತ್ತರ: ನೀವು ಕಳ್ಸಿರೋದು ವಿಳಾಸದ ಚೀಟಿ, ಮನೇನ ಕಳ್ಸಿಲ್ಲ. ಸುಮಾರು ಸಾಫ್ಟ್‌ವೇರುಗಳು ಪ್ರಾಜೆಕ್ಟ್ ಫೈಲಲ್ಲಿ ಸ್ಯಾಂಪಲ್ ಯಾವ ಫೋಲ್ಡರಲ್ಲಿದೆ ಅಂತ ಮಾತ್ರ ಬರ್ಕೊಳತ್ತವೆ. ನಾನು ಒಂದ್ಸಲ ಡಿಸ್ಕಲ್ಲಿ ಜಾಗ ಇಲ್ಲ ಅಂತ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ ಅಳಿಸಿ ಹಾಕ್ದೆ, ಮಾರನೇ ದಿನ ಪ್ರಾಜೆಕ್ಟ್ ತೆಗೆದ್ರೆ ಟ್ರ್ಯಾಕುಗಳೆಲ್ಲ ಇವೆ, ಒಳಗೆ ಸದ್ದೇ ಇಲ್ಲ, ಬಾಗಿಲು ಸದ್ದು ಒಂದು ವಾರ ಕೂತು ರೆಕಾರ್ಡ್ ಮಾಡಿದ್ದು ಹೋಯ್ತು. ಏಬಲ್ಟನ್ ಲೈವಲ್ಲಿ ‘ಕಲೆಕ್ಟ್ ಆಲ್ ಅಂಡ್ ಸೇವ್’ ಇದೆ, ಎಫ್‌ಎಲ್ ಸ್ಟುಡಿಯೋದಲ್ಲಿ ಎಲ್ಲಾ ಸೇರಿಸಿ ಝಿಪ್ ಮಾಡೋ ಎಕ್ಸ್‌ಪೋರ್ಟ್ ಇದೆ, ರೀಪರಲ್ಲಿ ಸೇವ್ ಆ್ಯಸ್ ಮಾಡುವಾಗ ಮೀಡಿಯಾ ಎಲ್ಲ ಕಾಪಿ ಮಾಡು ಅಂತ ಟಿಕ್ ಹಾಕ್ಬೇಕು. ಫೈಲಿನ ಹೆಸರಲ್ಲೇ ಟೆಂಪೋ, ಶ್ರುತಿ ಬರೆದಿಡಿ, ‘ಹೊಸ ಲೂಪ್ ಕೊನೇದು 2’ ಅಂತೆಲ್ಲ ಇಟ್ರೆ ಆರು ತಿಂಗಳಾದ್ಮೇಲೆ ನಿಮಗೇ ಗೊತ್ತಾಗಲ್ಲ.

ಪ್ರಶ್ನೆ: ಹಳೇ ಹಾಡಿಂದ ಎರಡೇ ಸೆಕೆಂಡ್ ತಗೊಂಡ್ರೆ ಕಾಪಿರೈಟ್ ಬರಲ್ಲ ಅಂತಾರೆ, ನಿಜವಾ?

ಉತ್ತರ: ಇಷ್ಟು ಸೆಕೆಂಡಿನವರೆಗೆ ಫ್ರೀ ಅನ್ನೋ ನಿಯಮ ಇಲ್ಲ, ಯಾರೋ ಹೇಳಿದ್ದು ಬಾಯಿಂದ ಬಾಯಿಗೆ ಬಂದಿದೆ ಅಷ್ಟೇ. ಹಾಡಲ್ಲಿ ಎರಡು ಹಕ್ಕು ಇರತ್ತೆ, ರಾಗ ಸಾಹಿತ್ಯ ಮಾಡಿದೋರ್ದು ಒಂದು, ಆ ರೆಕಾರ್ಡಿಂಗಿಂದು ಇನ್ನೊಂದು. ಅದೇ ಟ್ಯೂನನ್ನ ನೀವೇ ಬಾರಿಸಿದ್ರೆ ಎರಡನೇದ್ರಿಂದ ತಪ್ಪಿಸ್ಕೋತೀರ, ಮೊದಲ್ನೇದು ಹಾಗೇ ಇರತ್ತೆ. ಫ್ರೀಸೌಂಡ್ ಥರದ ಸೈಟುಗಳಲ್ಲಿ ಸಿಗೋದ್ರಲ್ಲೂ ಪ್ರತಿ ಫೈಲಿಗೂ ಲೈಸೆನ್ಸ್ ಬೇರೆ ಬೇರೆ, ಸಿಸಿ ಝೀರೋ (ಮಾಡಿದೋರು ಹಕ್ಕು ಬಿಟ್ಟುಕೊಟ್ಟಿರೋದು) ಅಂತಿದ್ರೆ ಆರಾಮಾಗಿ ಬಳಸಿ, ಇನ್ನು ಕೆಲವಕ್ಕೆ ಹೆಸರು ಹಾಕ್ಲೇಬೇಕು, ಕೆಲವನ್ನ ದುಡ್ಡು ಮಾಡೋ ಕೆಲಸಕ್ಕೆ ಬಳಸೋ ಹಾಗಿಲ್ಲ. ನಿಮ್ಮ ಅಡುಗೆಮನೆ ತಟ್ಟೆ ಸದ್ದಿಗೆ ಯಾರ ಪರ್ಮಿಶನ್ನೂ ಬೇಕಾಗಿಲ್ಲ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ಮೆಟ್ರೊನೋಮ್ ಕೇಳ್ತಾ ರೆಕಾರ್ಡ್ ಮಾಡ್ಬಹುದಾ?

ಉತ್ತರ: ಬೇಡ. ಟಿಕ್ ಕಿವಿಗೆ ಲೇಟಾಗಿ ಬರತ್ತೆ, ನೀವು ಅದಕ್ಕೆ ಸರಿಯಾಗಿ ತಟ್ತೀರ, ರೆಕಾರ್ಡಲ್ಲಿ ಎಲ್ಲಾ ಪೆಟ್ಟೂ ಲೇಟು. ವೈರ್ ಇರೋದು ಹಾಕ್ಕೊಳಿ.